‘ನೆಗ್ಗು’ ಅನ್ನುವುದಕ್ಕೆ ಬೇರೆ ಭಾಷೆಗಳಲ್ಲಿ ಏನನ್ನುತ್ತಾರೆ? ಡಬ್ಬಿ ತಪಾಸಣಾ ಪಟ್ಟಿಯ ಅನುವಾದಕ್ಕೆ ಬೇಕಿದೆ

ಪದತಕ್ಕಡಿ:

ಡಬ್ಬಿಯಲ್ಲಿ ಬರುವ ಆಹಾರವನ್ನು (ಅನಾನಸ್ ಹೋಳು, ಮಾವಿನ ತಿರುಳು, ಬಟಾಣಿ, ರಸಗುಲ್ಲ) ಇಳಿಸಿಕೊಳ್ಳುವ ಗೋದಾಮಿಗಾಗಿ ಒಂದು ಪುಟದ ತಪಾಸಣಾ ಪಟ್ಟಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂಲ ಇಂಗ್ಲಿಷಿನಲ್ಲಿದೆ, ಜೊತೆಗೆ ಡಬ್ಬಿ ತಯಾರಕರ ಜರ್ಮನ್ ಸೂಚನೆಯೂ ಇದೆ. ಆಮೇಲೆ ಇದೇ ಪಟ್ಟಿ ತಮಿಳು, ತೆಲುಗು, ಹಿಂದಿ, ಮರಾಠಿಗೂ ಹೋಗಬೇಕು.

ಈಗ ಬಳಕೆಯಲ್ಲಿರುವ ಕನ್ನಡ ಪಟ್ಟಿಯಲ್ಲಿ ‘ಡೆಂಟ್’ ಬಂದಲ್ಲೆಲ್ಲ ‘ವಿರೂಪಗೊಂಡ ಡಬ್ಬಿ’ ಎಂದು ಹಾಕಿದ್ದಾರೆ. ‘ಬಲ್ಜ್’ ಬಂದಲ್ಲೂ ‘ವಿರೂಪಗೊಂಡ ಡಬ್ಬಿ’, ‘ಬಕಲ್’ ಬಂದಲ್ಲೂ ಅದೇ. ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಂತವರಿಗೆ ಅದು ಒಳಕ್ಕೆ ಹೋಗಿರುವುದರ ಬಗ್ಗೆ ಹೇಳುತ್ತಿದೆಯೋ ಹೊರಕ್ಕೆ ಬಂದಿರುವುದರ ಬಗ್ಗೆಯೋ ತಿಳಿಯುವುದಿಲ್ಲ. ‘ನೆಗ್ಗು’ ಎಂದು ಬರೆಯೋಣವೆಂದರೆ ಕೆಲವರು ‘ನಗ್ಗು’ ಸರಿ ಅನ್ನುತ್ತಾರೆ, ಇನ್ನು ಕೆಲವರು ‘ಡೆಂಟ್ ಆಗಿದೆ’ ಸಾಕು ಅನ್ನುತ್ತಾರೆ. ‘ಸೊಟ್ಟ’, ‘ಜಜ್ಜಿದ’, ‘ಗುಳಿ ಬಿದ್ದ’ ಇವೆಲ್ಲ ನೆಗ್ಗುವಿಗೆ ಸಮವೇ? ನೆರೆಯ ಭಾಷೆಗಳಲ್ಲಿ ಯಾವ ಮಾತು ಹಾಕಬೇಕು? ಜರ್ಮನ್ ಸೂಚನೆಯಲ್ಲಿ ‘ಬೊಯ್ಲ’ ಎಂಬ ಒಂದೇ ಪದ ಎರಡು ಕಡೆ ಬರುತ್ತದೆ, ಒಂದು ಕಡೆ ಉಬ್ಬು ಎಂಬ ಅರ್ಥ ಬಂದ ಹಾಗಿದೆ. ಅದು ಸಾಧ್ಯವೇ?

ಇನ್ನೊಂದು ಸಾಲು: ನೆಗ್ಗಿದ ಡಬ್ಬಿಯನ್ನು ಹೊರಕ್ಕೆ ತಳ್ಳಿ ಸರಿಮಾಡಬಾರದು ಎಂದಿದೆ. ಕಾರಣ ಕೊಟ್ಟಿಲ್ಲ. ಕಾರಣ ಗೊತ್ತಿದ್ದರೆ ಕ್ರಿಯಾಪದ ಆರಿಸುವುದು ಸುಲಭ.

ನುಡಿಬೇರು:

‘ನೆಗ್ಗು’ ಎಂದೇ ಬರೆಯಿರಿ. ನೆಗ್ಗು, ನಗ್ಗು ಎರಡೂ ಒಂದೇ ಮಾತಿನ ರೂಪಗಳು, ಊರಿನಿಂದ ಊರಿಗೆ ಸ್ವರ ಬದಲಾಗುತ್ತದೆ. ಮುದ್ರಿಸಿದ ಪಟ್ಟಿಗೆ ಮಾತ್ರ ಎಕಾರದ ರೂಪ ಮೇಲು. ‘ನಗ್ಗಿದ’ ಎಂಬಲ್ಲಿ ಒತ್ತು ಮಸುಕಾದರೆ ಕಣ್ಣು ‘ನಗು’ವಿನ ಕಡೆ ಹೋಗುತ್ತದೆ. ‘ನುಗ್ಗು’ ಆಗದಂತೆಯೂ ನೋಡಿಕೊಳ್ಳಿ. ಅದಕ್ಕೆ ಮುನ್ನುಗ್ಗುವ ಅರ್ಥ ಒಂದು, ‘ನುಗ್ಗುನುರಿ’ಯಲ್ಲಿ ಉಳಿದಿರುವ ಪುಡಿಪುಡಿಯಾಗುವ ಅರ್ಥ ಇನ್ನೊಂದು. ಎರಡೂ ನಿಮಗೆ ಬೇಡ.

ಕನ್ನಡದಲ್ಲಿ ಒಂದು ವಸ್ತು ನೆಗ್ಗಿತು ಅನ್ನಬೇಕಾದರೆ ಅದು ಒಳಗೆ ಟೊಳ್ಳಾಗಿರಬೇಕು, ಗೋಡೆ ತೆಳುವಾಗಿರಬೇಕು. ಪೆಟ್ಟು ಅಥವಾ ಒತ್ತಡ ಒಂದು ಜಾಗಕ್ಕೆ ಬಿದ್ದು ಆ ಜಾಗ ಒಳಕ್ಕೆ ಹೋಗಿರಬೇಕು. ಒಡೆದಿರಬಾರದು, ಕೈ ತೆಗೆದ ಮೇಲೂ ಹಾಗೇ ನಿಂತಿರಬೇಕು. ಚೊಂಬು ನೆಗ್ಗುತ್ತದೆ, ಬಿಂದಿಗೆ ನೆಗ್ಗುತ್ತದೆ, ಕಾರಿನ ಬಾಗಿಲು ನೆಗ್ಗುತ್ತದೆ, ಟೇಬಲ್ ಟೆನಿಸ್ ಚೆಂಡು ನೆಗ್ಗುತ್ತದೆ. ಕಲ್ಲು ನೆಗ್ಗುವುದಿಲ್ಲ, ಸೀಸದ ಗಟ್ಟಿಗೆ ಸುತ್ತಿಗೆಯಿಂದ ಹೊಡೆದರೂ ಅದು ನೆಗ್ಗಿತು ಅನ್ನುವುದಿಲ್ಲ, ಗುಳಿ ಬಿತ್ತು ಅನ್ನುತ್ತೇವೆ. ಸುಟ್ಟ ಮಡಕೆ ಒಡೆಯುತ್ತದೆ. ಚಕ್ರದಿಂದ ಈಗಷ್ಟೇ ಇಳಿಸಿದ ಹಸಿ ಮಡಕೆ ಬೇಕಾದರೆ ನೆಗ್ಗಬಹುದು.

ಪೈಪನ್ನು ನೋಡಿದರೆ ‘ಬಗ್ಗು’ ಮತ್ತು ‘ನೆಗ್ಗು’ಗಳ ವ್ಯತ್ಯಾಸ ಒಂದೇ ವಸ್ತುವಿನಲ್ಲಿ ಸಿಗುತ್ತದೆ. ಪೈಪು ಉದ್ದಕ್ಕೆ ಬಗ್ಗುತ್ತದೆ. ಬಗ್ಗಿದ ತಿರುವಿನಲ್ಲಿ ಅದರ ಗೋಡೆ ಒಳಕ್ಕೆ ನೆಗ್ಗುತ್ತದೆ. ಪೈಪಿಗೆ ಒಣ ಮರಳು ಗಿಡಿದು ಎರಡೂ ಬಾಯಿ ಮುಚ್ಚಿ ಬಗ್ಗಿಸುವುದು ಇದಕ್ಕಾಗಿಯೇ: ಬಗ್ಗಬೇಕು, ನೆಗ್ಗಬಾರದು. ಇಂಥ ಎರಡು ಕ್ರಿಯಾಪದ ಕೈಯಲ್ಲಿರುವಾಗ ಎರಡನ್ನೂ ಅಳಿಸಿ ‘ವಿರೂಪಗೊಳ್ಳು’ ಎಂದು ಬರೆಯುವುದು ನಷ್ಟ.

ನೀವು ಕೇಳಿದ ಉಳಿದವು. ‘ಸೊಟ್ಟ’ ಎಂದರೆ ನೇರ ತಪ್ಪಿದ್ದು, ಅಲ್ಲಿ ಒಳಗೆ ಹೊರಗೆ ಎಂಬ ಮಾತಿಲ್ಲ. ಸೈಕಲ್ ರಿಮ್ ಸೊಟ್ಟಗಾಗುತ್ತದೆ, ಮೊಳೆ ಸೊಟ್ಟಗಾಗುತ್ತದೆ. ‘ಡೊಂಕು’ ಬಹುಮಟ್ಟಿಗೆ ಹುಟ್ಟಿನಿಂದಲೇ ಬಂದ ಬಾಗು, ನಾಯಿಯ ಬಾಲದ ಹಾಗೆ. ‘ಜಜ್ಜು’ ಸಕರ್ಮಕ: ಶುಂಠಿ ಜಜ್ಜುತ್ತೇವೆ, ನಾರು ಬಿಡಿಸಿಕೊಳ್ಳುತ್ತದೆ, ರಸ ಬರುತ್ತದೆ. ಲೋಹಕ್ಕೆ ಜಜ್ಜಿಹೋಯಿತು ಅಂದರೆ ನೆಗ್ಗಿದ್ದಕ್ಕಿಂತ ಬಹಳ ಹೆಚ್ಚು, ಅದಕ್ಕೂ ಮುಂದೆ ‘ನಜ್ಜುಗುಜ್ಜು’. ಎರಡು ಮೈ ಸೇರಿ ಚಪ್ಪಟೆಯಾದರೆ ‘ಅಪ್ಪಚ್ಚಿ’. ‘ಬಳುಕು’ ಎಂಬುದರಲ್ಲಿ ವಾಪಸ್ ಬರುವ ಗುಣ ಸೇರಿದೆ, ಬಳುಕಿದ್ದು ಮತ್ತೆ ನೆಟ್ಟಗಾಗುತ್ತದೆ. ‘ಬಗ್ಗು’ವಿನಲ್ಲಿ ಆ ಖಾತ್ರಿ ಇಲ್ಲ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎಂಬಲ್ಲಿ ಬಗ್ಗಿದ್ದು ಹಾಗೇ ಉಳಿಯುವುದೇ ಮುಖ್ಯ.

ವ್ಯಾಕರಣ ಸರಳ: ನೆಗ್ಗು ಅಕರ್ಮಕ. ಡಬ್ಬಿ ತಾನೇ ಕರ್ತೃ: ಡಬ್ಬಿ ನೆಗ್ಗಿದೆ, ನೆಗ್ಗಿದ ಡಬ್ಬಿ. ನಾಮಪದವೂ ಅದೇ: ಒಂದು ನೆಗ್ಗು, ಎರಡು ನೆಗ್ಗು. ಯಾರು ಬೀಳಿಸಿದರು ಎನ್ನುವುದನ್ನು ಮಾತಿಗೆ ತರದೆ ಸ್ಥಿತಿಯನ್ನಷ್ಟೇ ಹೇಳಬಹುದು. ತಪಾಸಣಾ ಪಟ್ಟಿಗೆ ಬೇಕಾದದ್ದೂ ಅಷ್ಟೇ.

ಡಬಲ್‌ಸೀಮ್:

ಡಬ್ಬಿ ಉದ್ಯಮದ ಕಡೆಯಿಂದ ಒಂದು ತಿದ್ದುಪಡಿ ಸೇರಿಸುತ್ತೇನೆ. ನೆಗ್ಗು ಸರಿಯಾದ ಪದ, ಆದರೆ ಡಬ್ಬಿಯಲ್ಲಿ ಒಳಕ್ಕೆ ಹೋಗಿರುವುದೆಲ್ಲ ನೆಗ್ಗು ಅಲ್ಲ.

ಸರಿಯಾಗಿ ಮುಚ್ಚಿದ ಡಬ್ಬಿಯೊಳಗೆ ಸಾಮಾನ್ಯವಾಗಿ ಸ್ವಲ್ಪ ನಿರ್ವಾತ ಇರುತ್ತದೆ. ಅದರಿಂದ ಮೇಲಿನ, ಕೆಳಗಿನ ಮುಚ್ಚಳ ಎರಡೂ ತುಸು ಒಳಬಾಗಿರುತ್ತವೆ. ಅದು ಆರೋಗ್ಯದ ಲಕ್ಷಣ. ‘ಮುಚ್ಚಳ ಒಳಕ್ಕೆ ಹೋಗಿದೆಯೇ’ ಎಂದು ಪಟ್ಟಿಯಲ್ಲಿ ಕೇಳಿದರೆ ಒಳ್ಳೆಯ ಡಬ್ಬಿಗಳೇ ಪಕ್ಕಕ್ಕೆ ಹೋಗುತ್ತವೆ. ಇನ್ನೊಂದು, ನಿರ್ವಾತ ಅತಿಯಾಗಿ ಅಥವಾ ಬೇಯಿಸುವ ಪಾತ್ರೆಯೊಳಗಿನ ಹೊರ ಒತ್ತಡ ಹೆಚ್ಚಾಗಿ ಡಬ್ಬಿಯ ಸುತ್ತುಗೋಡೆ ಹಲಗೆ ಹಲಗೆಯಾಗಿ ಒಳಸೇರುವುದು. ಇಂಗ್ಲಿಷಿನಲ್ಲಿ ಅದಕ್ಕೆ ‘ಪ್ಯಾನೆಲಿಂಗ್’ ಅನ್ನುತ್ತಾರೆ. ಪೆಟ್ಟು ಬಿದ್ದಿಲ್ಲ, ಹಾಗಾಗಿ ನೆಗ್ಗು ಅನ್ನುವುದು ಬೇಡ. ‘ಮೈ ಒಳಕ್ಕೆ ಎಳೆದುಕೊಂಡಿದೆ’ ಅನ್ನಿ. ನೆಗ್ಗು ಒಂದು ಕಡೆ ಇರುತ್ತದೆ, ಇದು ಸುತ್ತಲೂ ಸಾಲಾಗಿ ಇರುತ್ತದೆ. ನೋಡಿದವರಿಗೆ ಕೂಡಲೇ ವ್ಯತ್ಯಾಸ ಸಿಗುತ್ತದೆ.

ನೆಗ್ಗಿನಲ್ಲಿ ಮುಖ್ಯ ಪ್ರಶ್ನೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಲ್ಲಿ ಎನ್ನುವುದು. ಡಬ್ಬಿಯ ಮೈಗೂ ಮುಚ್ಚಳಕ್ಕೂ ಸೇರುವ ಅಂಚಿನಲ್ಲಿ ತಗಡು ಐದು ಪದರವಾಗಿ ಮಡಚಿಕೊಂಡಿರುತ್ತದೆ: ಮುಚ್ಚಳದ್ದು ಮೂರು, ಮೈಯದ್ದು ಎರಡು. ನಡುವೆ ರಬ್ಬರಿನಂಥ ಅಂಟು. ಇದೇ ಡಬಲ್ ಸೀಮ್. ತಗಡಿನ ದಪ್ಪ ಸುಮಾರು 0.2 ಮಿ.ಮೀ. ಅಷ್ಟೇ. ಪದರಗಳು ಕೂದಲೆಳೆಯಷ್ಟು ಸಡಿಲವಾದರೂ ತಣ್ಣಗಾಗುವಾಗ ಅಥವಾ ಸಾಗಾಟದಲ್ಲಿ ನೀರು, ಗಾಳಿ, ಜೊತೆಗೆ ಸೂಕ್ಷ್ಮಜೀವಿ ಒಳಕ್ಕೆ ಎಳೆದುಕೊಳ್ಳುತ್ತವೆ. ಹಾಗಾಗಿ ಅಂಚಿನ ಮೇಲೆ, ಅಂಚಿಗೆ ತಾಗಿದಂತೆ, ಅಥವಾ ಮೈಯ ಉದ್ದ ಬೆಸುಗೆಯ ಮೇಲೆ ಇರುವ ನೆಗ್ಗು ಎಷ್ಟೇ ಚಿಕ್ಕದಾದರೂ ತಿರಸ್ಕಾರ. ಮೈಯ ನಡುವೆ ದುಂಡಗೆ, ಆಳವಿಲ್ಲದೆ, ಮಡಿಕೆಯ ಗೆರೆ ಇಲ್ಲದೆ ಇದ್ದರೆ ಸಾಮಾನ್ಯವಾಗಿ ನಡೆಯುತ್ತದೆ. ಅಮೆರಿಕದ ಕೃಷಿ ಇಲಾಖೆ ಮನೆಬಳಕೆಯವರಿಗೆ ಕೊಡುವ ಅಳತೆ ನಿಮ್ಮ ಪಟ್ಟಿಗೂ ಚೆನ್ನಾಗಿ ಒಪ್ಪುತ್ತದೆ: ಬೆರಳು ಮಲಗಿಸುವಷ್ಟು ಆಳವಾದ ನೆಗ್ಗು ಇದ್ದರೆ ಬಿಸಾಡಿ. ಸ್ಕೇಲ್ ಹುಡುಕುವ ಕೆಲಸವಿಲ್ಲ.

ಚೂಪಾದ ಗೆರೆ ಬಿದ್ದ ನೆಗ್ಗು ದುಂಡನೆಯದಕ್ಕಿಂತ ಕೆಟ್ಟದ್ದು. ಒಳಗಿನ ಲೇಪ ಆ ಗೆರೆಯಲ್ಲಿ ಬಿರಿಯುತ್ತದೆ. ಒಳಗಿರುವುದು ಹುಳಿ ಪದಾರ್ಥವಾದರೆ ಆಮ್ಲ ಲೋಹವನ್ನು ತಿನ್ನುತ್ತಾ ಹೈಡ್ರೋಜನ್ ಬಿಡುತ್ತದೆ, ವಾರಗಳೋ ತಿಂಗಳೋ ಕಳೆದ ಮೇಲೆ ಡಬ್ಬಿ ಉಬ್ಬುತ್ತದೆ. ಅಂದರೆ ಇವತ್ತಿನ ನೆಗ್ಗು ನಾಳೆಯ ಉಬ್ಬು. ಬಟಾಣಿಯಂಥ ಹುಳಿ ಇಲ್ಲದ ಪದಾರ್ಥದಲ್ಲಿ, ಅಂದರೆ ಪಿಎಚ್ 4.6ಕ್ಕಿಂತ ಮೇಲೆ ಇರುವಲ್ಲಿ, ಸೋರಿಕೆಯಾದರೆ ಬಾಟ್ಯುಲಿಸಂ ಎಂಬ ಮಾರಕ ಆಹಾರವಿಷದ ಭಯ. ಅಲ್ಲಿ ರಿಯಾಯಿತಿ ಬೇಡವೇ ಬೇಡ.

ಉಬ್ಬಿಗೆ ಒಂದೇ ಪದ ಸಾಲದು, ಆದರೆ ಕ್ರಿಯಾಪದದಿಂದಲೇ ಹೇಳಬಹುದು. ಮುಚ್ಚಳ ಚಪ್ಪಟೆಯಾಗಿದ್ದು ಡಬ್ಬಿಯನ್ನು ಮೇಜಿಗೆ ತಟ್ಟಿದಾಗ ಮಾತ್ರ ಒಂದು ಬದಿ ಹೊರಕ್ಕೆ ಚಿಮ್ಮಿದರೆ ಫ್ಲಿಪ್ಪರ್. ಒಂದು ಬದಿ ಉಬ್ಬಿದ್ದು ಅದನ್ನು ಒತ್ತಿದರೆ ಇನ್ನೊಂದು ಬದಿ ಹೊರಕ್ಕೆ ಬಂದರೆ ಸ್ಪ್ರಿಂಗರ್. ಎರಡೂ ಉಬ್ಬಿ ಹೆಬ್ಬೆರಳಿಗೆ ತಗ್ಗಿದರೆ ಮೆದು ಉಬ್ಬು, ತಗ್ಗದಿದ್ದರೆ ಗಟ್ಟಿ ಉಬ್ಬು. ನಾಲ್ಕೂ ತಿರಸ್ಕಾರವೇ, ಆದರೆ ಗಟ್ಟಿ ಉಬ್ಬನ್ನು ತಟ್ಟಬಾರದು, ಕುಲುಕಬಾರದು, ಸಿಡಿಯಬಹುದು. ಒಂದು ಎಚ್ಚರಿಕೆ: ಜೋರು ನೆಗ್ಗು ಬಿದ್ದರೆ ಡಬ್ಬಿಯ ಒಳಗಿನ ಜಾಗ ಕಿರಿದಾಗಿ ಒಳಗೆ ಏನೂ ಕೆಡದಿದ್ದರೂ ಮುಚ್ಚಳ ಚಿಮ್ಮಬಹುದು. ಗೋದಾಮಿನಲ್ಲಿ ನಿಂತು ಯಾವುದು ಯಾವುದೆಂದು ಬಿಡಿಸಲು ಆಗುವುದಿಲ್ಲ, ಎರಡನ್ನೂ ಬೇರೆ ಇಡಿ.

ನಿಮ್ಮ ‘ಬಕಲ್’: ಡಬ್ಬಿ ಬೆಂದ ಮೇಲೆ ಹೊರಗಿನ ಒತ್ತಡವನ್ನು ಥಟ್ಟನೆ ಇಳಿಸಿದರೆ ಒಳಗಿನ ಒತ್ತಡ ಮುಚ್ಚಳವನ್ನು ಹೊರಕ್ಕೆ ತಳ್ಳಿ ಅಂಚಿನ ಹತ್ತಿರ ಗೋಪುರದ ಹಾಗೆ ಒಂದು ಮೂಲೆ ಎದ್ದು ನಿಲ್ಲುತ್ತದೆ. ಹಾಳಾಗಿ ಉಬ್ಬಿದ್ದಲ್ಲ, ಆದರೂ ಅಂಚು ಎಳೆದುಕೊಂಡಿರುತ್ತದೆ, ತೆಗೆದಿಡಬೇಕು. ‘ಮುಚ್ಚಳದ ಅಂಚು ಮೂಲೆಯೆದ್ದಿದೆ’ ಎಂದು ಬಿಡಿಸಿ ಬರೆಯಿರಿ, ಒಂಟಿ ಪದ ಹುಡುಕಬೇಡಿ.

ಗಡಿನಾಡು:

ನೆರೆಭಾಷೆಗಳ ಬಗ್ಗೆ.

ಮೊದಲು ತೆಲುಗು, ಏಕೆಂದರೆ ಅಲ್ಲೇ ಎಡವುವುದು. ತೆಲುಗಿನಲ್ಲಿ ‘ಸೊಟ್ಟ ಪಡಿಂದಿ’ ಎಂದರೆ ನೆಗ್ಗಿದೆ ಎಂದರ್ಥ. ಕೆನ್ನೆಯ ಗುಳಿಗೂ ಅದೇ ಮಾತು, ‘ಸೊಟ್ಟ ಬುಗ್ಗಲು’ ಎಂದರೆ ಗುಳಿ ಬೀಳುವ ಕೆನ್ನೆ. ನಮ್ಮಲ್ಲಿ ಸೊಟ್ಟ ಎಂದರೆ ವಕ್ರ, ಸೊಟ್ಟ ಮೋರೆ ಹೊಗಳಿಕೆಯ ಮಾತಲ್ಲ. ಬಳ್ಳಾರಿ, ರಾಯಚೂರು, ಕೋಲಾರದ ಕಡೆ ಎರಡೂ ಭಾಷೆ ಬಲ್ಲವರು ಒಂದೇ ಗೋದಾಮಿನಲ್ಲಿ ಕೆಲಸ ಮಾಡುವಾಗ ಕನ್ನಡ ಪಟ್ಟಿಯಲ್ಲಿ ‘ಸೊಟ್ಟ’ ಇದ್ದರೆ ಒಬ್ಬರು ಒಂದು ತಿಳಿಯುತ್ತಾರೆ, ಇನ್ನೊಬ್ಬರು ಇನ್ನೊಂದು. ಕನ್ನಡದಲ್ಲಿ ಆ ಪದ ಬಿಡಿ, ತೆಲುಗಿನಲ್ಲಿ ಅದನ್ನೇ ಹಾಕಿ.

ತಮಿಳಿನಲ್ಲಿ ‘ಒಡುಕ್ಕು’. ಪಾತ್ರೆಗೂ ಗಾಡಿಗೂ ‘ಒಡುಕ್ಕು ಎಡುಪ್ಪದು’ ಎಂದರೆ ನಮ್ಮ ‘ನೆಗ್ಗು ತೆಗೆಯುವುದು’. ‘ಒಡುಂಗು’ ಎಂದರೆ ತಾನಾಗಿ ಕುಗ್ಗುವುದು. ನಮ್ಮ ‘ಉಡುಗು’ (ಶಕ್ತಿ ಉಡುಗಿಹೋಯಿತು) ಅದರ ನೆಂಟ. ‘ನಸುಂಗು’ ಎಂದರೆ ನಸುಕಿಹೋಗುವುದು, ಒಡುಕ್ಕಿಗಿಂತ ಹೆಚ್ಚಿನ ಹಾನಿ, ನಮ್ಮ ಜಜ್ಜಿಹೋಗುವುದರ ಹತ್ತಿರ. ಅದರ ಸಕರ್ಮಕ ‘ನಸುಕ್ಕು’. ಅನುನಾಸಿಕ ಇದ್ದರೆ ತಾನಾಗಿ ಆದದ್ದು, ಒತ್ತಕ್ಷರ ಬಂದರೆ ಒಬ್ಬರು ಮಾಡಿದ್ದು: ತಮಿಳಿನ ಈ ಜೋಡಿ ಬಹಳ ಅಚ್ಚುಕಟ್ಟು. ಕನ್ನಡ ಬಹುಮಟ್ಟಿಗೆ ‘-ಇಸು’ ಹಚ್ಚಿ ಆ ಕೆಲಸ ಮಾಡುತ್ತದೆ: ನೆಗ್ಗಿಸು, ಬಗ್ಗಿಸು. ತಮಿಳಿಗೆ ಅನುವಾದಿಸುವವರಿಗೆ ಇದನ್ನು ಹೇಳಿಬಿಡಿ, ಸಕರ್ಮಕ ರೂಪ ಬಿದ್ದರೆ ‘ಡಬ್ಬಿಯನ್ನು ನಸುಕಿ’ ಎಂಬ ಆಜ್ಞೆಯ ಹಾಗೆ ಓದಿಸಿಕೊಳ್ಳುತ್ತದೆ.

ಮಲಯಾಳಂ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ‘ಚಳುಙ್ಙುಕ’. ಪಾತ್ರೆಗೇ ಮೀಸಲಾದ ಮಾತು, ಅರ್ಥದಲ್ಲಿ ನೆಗ್ಗುವಿಗೆ ಬಹಳ ಹತ್ತಿರ.

ಮರಾಠಿಯಲ್ಲಿ ‘ಪೋಚಾ’ ಎಂಬ ನಾಮಪದವಿದೆ, ಪಾತ್ರೆಗೆ ಪೋಚೆ ಬಂದಿವೆ ಅನ್ನುತ್ತಾರೆ. ಒತ್ತಿ ಚಪ್ಪಟೆಯಾದದ್ದಕ್ಕೆ ‘ಚೇಪಣೆ’. ಡಬ್ಬಿಯ ಒಂದು ಜಾಗದ ನೆಗ್ಗಿಗೆ ಪೋಚಾ ಸರಿ.

ಹಿಂದಿಯ ‘ಪಿಚಕ್‌ನಾ’ ಬಳಸಬಹುದು, ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಅದರ ಹರವು ದೊಡ್ಡದು. ಗಾಳಿ ಹೋದ ಚೆಂಡೂ ‘ಪಿಚಕ್’ ಆಗುತ್ತದೆ, ಬತ್ತಿದ ಕೆನ್ನೆಯೂ ಹೌದು, ನೆಗ್ಗಿದ ಡಬ್ಬಿಯೂ ಹೌದು. ಡಬಲ್‌ಸೀಮ್ ಅವರು ಹೇಳಿದ ‘ಮೈ ಒಳಕ್ಕೆ ಎಳೆದುಕೊಂಡ’ ಡಬ್ಬಿಯೂ ಹಿಂದಿಯಲ್ಲಿ ಪಿಚಕಿದ್ದೇ. ಹಾಗಾಗಿ ಹಿಂದಿ ಪಟ್ಟಿಯಲ್ಲಿ ‘ಪೆಟ್ಟಿನಿಂದ’ ಎಂಬುದನ್ನು ಸೇರಿಸಲೇಬೇಕು. ಕನ್ನಡದಲ್ಲಿ ಅದು ಕ್ರಿಯಾಪದದೊಳಗೇ ಇದೆ.

ಹೊರನುಡಿ:

ಜರ್ಮನ್ ಬಗ್ಗೆ ನಿಮ್ಮ ಅನುಮಾನ ಸರಿ. ‘ಬೊಯ್ಲ’ ಎಂಬುದು ತಲೆ ತಾಗಿಸಿಕೊಂಡಾಗ ಏಳುವ ಬುಗುಟಿಗೂ ಕಾರಿನ ನೆಗ್ಗಿಗೂ ಒಂದೇ. ಹಣೆಯಲ್ಲಿದ್ದರೆ ಹೊರಕ್ಕೆ, ತಗಡಿನಲ್ಲಿದ್ದರೆ ಬಹುಪಾಲು ಒಳಕ್ಕೆ. ಒಳಕ್ಕೆ ಹೋದದ್ದೇ ಎಂದು ಖಚಿತವಾಗಿ ಹೇಳಬೇಕಾದರೆ ‘ಡೆಲ್ಲ’ ಎಂಬ ಪದವಿದೆ, ಕಣಿವೆ ಎಂಬ ಅರ್ಥದ ‘ಟಾಲ್’ಗೆ ಸಂಬಂಧಪಟ್ಟದ್ದು. ನಿಮ್ಮ ಸೂಚನೆಯಲ್ಲಿ ಬೊಯ್ಲ ಬಂದಲ್ಲೆಲ್ಲ ಪಕ್ಕದ ಪದ ನೋಡಿ. ಪೆಟ್ಟು, ಬೀಳು, ಸಾಗಾಟ ಇವು ಹತ್ತಿರ ಇದ್ದರೆ ನೆಗ್ಗು. ಅನಿಲ, ಒತ್ತಡ, ಮುಚ್ಚಳ ಇದ್ದರೆ ಉಬ್ಬು ಇರಬಹುದು. ಸಂದೇಹ ಉಳಿದರೆ ತಯಾರಕರನ್ನೇ ಕೇಳಿ, ಊಹಿಸಿ ಬರೆಯುವ ಜಾಗ ಇದಲ್ಲ.

ಇಂಜಿನಿಯರಿಂಗ್ ಜರ್ಮನ್‌ನಲ್ಲಿ ಇನ್ನೊಂದು ತಿರುವು. ಉದ್ದ ಕಂಬ ಭಾರಕ್ಕೆ ಪಕ್ಕಕ್ಕೆ ಬಾಗಿ ಕುಸಿಯುವುದು ‘ಕ್ನಿಕನ್’, ತೆಳು ತಗಡು ಅಥವಾ ಟೊಳ್ಳು ಮೈ ಭಾರಕ್ಕೆ ಅಲೆ ಅಲೆಯಾಗಿ ಕುಸಿಯುವುದು ‘ಬೊಯ್ಲನ್’. ಇಂಗ್ಲಿಷ್ ಎರಡಕ್ಕೂ ಬಕ್ಲಿಂಗ್ ಎನ್ನುತ್ತದೆ. ಕನ್ನಡದಲ್ಲಿ ಕಂಬಕ್ಕೆ ಬಾಗು, ಟೊಳ್ಳು ಮೈಗೆ ನೆಗ್ಗು ಎಂದು ಒಡೆಯುವುದು ಜರ್ಮನ್ ಒಡೆಯುವ ಗೆರೆಗೆ ಹತ್ತಿರ ಬರುತ್ತದೆ. ನುಡಿಬೇರು ಅವರ ಪೈಪಿನ ಉದಾಹರಣೆಯಲ್ಲೂ ಅದೇ ಗೆರೆ ಇದೆ.

ಇಂಗ್ಲಿಷಿನ ‘ಡೆಂಟ್’ ಲ್ಯಾಟಿನ್ನಿನ ಹಲ್ಲಿನಿಂದ ಬಂದದ್ದೆಂದು ಹಲವರು ತಿಳಿದಿದ್ದಾರೆ. ಅದು ಹಳೆಯ ಇಂಗ್ಲಿಷಿನ ‘ಡಿಂಟ್’, ಅಂದರೆ ಪೆಟ್ಟು. ಪೆಟ್ಟಿನ ಹೆಸರೇ ಪೆಟ್ಟು ಉಳಿಸಿದ ಗುರುತಿಗೆ ಬಂತು. ಫ್ರೆಂಚ್ ಜರ್ಮನ್‌ನ ದಾರಿಯದು: ‘ಬೋಸ್’ ಎಂದರೆ ಉಬ್ಬು, ಅದರಿಂದಲೇ ನೆಗ್ಗಿಸುವ ಅರ್ಥದ ‘ಕಾಬೊಸೆ’, ‘ಬೊಸ್‌ಲೆ’. ಪೋರ್ಚುಗೀಸಿನಲ್ಲಿ ‘ಅಮಸಾರ್’ ಎಂದರೆ ಹಿಟ್ಟು ನಾದುವುದು, ಕಾರು ನೆಗ್ಗಿದರೂ ಅದೇ ಪದ. ಬ್ರೆಜಿಲ್‌ನಲ್ಲಿ ಬಣ್ಣ ಕೆಡದಂತೆ ನೆಗ್ಗು ಎತ್ತುವ ಕೆಲಸಕ್ಕೆ ‘ಚಿನ್ನದ ಪುಟ್ಟ ಸುತ್ತಿಗೆ’ ಎಂಬರ್ಥದ ಹೆಸರಿದೆ. ಇಟಲಿಯಲ್ಲಿ ನೆಗ್ಗಿಸುವುದು ‘ಅಮ್ಮಕ್ಕಾರೆ’, ನೆಗ್ಗು ತೆಗೆಯುವವರು ‘ಲೇವಬೊಲ್ಲಿ’.

ಜಪಾನಿಯ ‘ಹೆಕೊಮು’ ನಮ್ಮ ನೆಗ್ಗುವಿಗೆ ಸೊಗಸಾದ ಜೋಡಿ: ಅಕರ್ಮಕ, ಒಳಮುಖ, ಹಾಗೇ ನಿಲ್ಲುವುದು. ಬರೆಯುವ ಅಕ್ಷರವೂ ಮೇಲ್ಗೆರೆ ನಡುವೆ ಒಳಕ್ಕೆ ಕುಸಿದ ಪೆಟ್ಟಿಗೆಯ ಚಿತ್ರ. ಅದರ ಜೋಡಿ ಅಕ್ಷರದಲ್ಲಿ ಪೆಟ್ಟಿಗೆಯ ನಡು ಮೇಲೆದ್ದಿದೆ, ಎರಡೂ ಕೂಡಿದರೆ ‘ದೆಕೊಬೊಕೊ’, ಏರುತಗ್ಗು. ಚೀನಿಯಲ್ಲೂ ಅವೇ ಅಕ್ಷರಗಳು. ಬೇಜಾರಾದವರೂ ಜಪಾನಿಯಲ್ಲಿ ‘ಹೆಕೊಮು’ ಆಗುತ್ತಾರೆ. ನಾವು ಮನಸ್ಸಿಗೆ ‘ಕುಗ್ಗು’ ಅನ್ನುತ್ತೇವೆ, ‘ನೆಗ್ಗು’ವನ್ನು ಪಾತ್ರೆಗೇ ಬಿಟ್ಟಿದ್ದೇವೆ. ಪದ ಅಷ್ಟು ಮಟ್ಟಿಗೆ ಖಚಿತವಾಗಿ ಉಳಿದಿದೆ.

ತಗಡುಸುತ್ತಿಗೆ:

ಹೊರಕ್ಕೆ ತಳ್ಳಬಾರದು ಎಂಬ ಸಾಲಿನ ಕಾರಣ ಕೇಳಿದ್ದೀರಿ. ಟಿಂಕರಿಂಗ್ ಕೆಲಸದ ಕಡೆಯಿಂದ ಹೇಳುತ್ತೇನೆ.

ಮೆದು ಉಕ್ಕಿನ ಒಂದು ಮೀಟರ್ ಪಟ್ಟಿಯನ್ನು ಸುಮಾರು 1 ಮಿ.ಮೀ. ಎಳೆದು ಬಿಟ್ಟರೆ ವಾಪಸ್ ಬರುತ್ತದೆ. ಅದಕ್ಕಿಂತ ಹೆಚ್ಚು ಎಳೆದರೆ ಹೆಚ್ಚಿನ ಭಾಗ ಹಾಗೇ ಉಳಿಯುತ್ತದೆ. ನೆಗ್ಗಿನಲ್ಲಿ ಎರಡೂ ಇರುತ್ತವೆ. ಅಗಲವಾದ ಆಳವಿಲ್ಲದ ಭಾಗ ಬಹುಪಾಲು ಸಿಕ್ಕಿಹಾಕಿಕೊಂಡು ನಿಂತಿರುತ್ತದೆ ಅಷ್ಟೇ, ಅದನ್ನು ಹಿಡಿದಿರುವುದು ಸುತ್ತಲಿನ ಎದ್ದ ಅಂಚು ಮತ್ತು ಚೂಪು ಗೆರೆ. ಅಲ್ಲಿ ತಗಡು ನಿಜವಾಗಿ ಎಳೆದುಕೊಂಡು ಗಟ್ಟಿಯಾಗಿರುತ್ತದೆ. ನಡುವಿನ ಆಳಕ್ಕೆ ಒಳಗಿನಿಂದ ಹೊಡೆದರೆ ಮೆತ್ತಗಿರುವ ಜಾಗ ಮೊದಲು ಮೇಲೇಳುತ್ತದೆ, ಗಟ್ಟಿ ಅಂಚು ಹಾಗೇ ಉಳಿಯುತ್ತದೆ. ಆಮೇಲೆ ಅದು ಟಪ್ ಟಪ್ ಎಂದು ಒಳಗೆ ಹೊರಗೆ ಹಾರುವ ತಗಡಾಗುತ್ತದೆ.

ಅದಕ್ಕೇ ಕೆಲಸದ ಕ್ರಮ ಪೆಟ್ಟಿನ ಕ್ರಮಕ್ಕೆ ತಿರುವುಮುರುವು: ಕೊನೆಗೆ ಬಿದ್ದದ್ದನ್ನು ಮೊದಲು ಎತ್ತಬೇಕು. ಹೊರ ಅಂಚಿನಿಂದ ಆಳದ ಕಡೆ ಸುತ್ತಿಕೊಂಡು ಬರಬೇಕು. ಆಳದ ಕೆಳಗೆ ಡಾಲಿಯನ್ನು (ತಗಡಿನ ಹಿಂದೆ ಆನಿಕೆಯಾಗಿ ಹಿಡಿಯುವ ಉಕ್ಕಿನ ಗಟ್ಟಿ) ಒತ್ತಿ ಹಿಡಿದು, ಸುತ್ತಿಗೆಯನ್ನು ಪಕ್ಕದ ಎದ್ದ ಅಂಚಿಗೆ ಹಗುರವಾಗಿ ಬಿಡಬೇಕು. ಅಂಚು ಇಳಿಯುತ್ತದೆ, ಡಾಲಿಯ ಒತ್ತಡಕ್ಕೆ ಆಳ ಏರುತ್ತದೆ. ನೇರ ಡಾಲಿಯ ಮೇಲೆಯೇ ಹೊಡೆದರೆ ತಗಡು ಎರಡರ ನಡುವೆ ತೆಳ್ಳಗಾಗಿ ಹಿಗ್ಗುತ್ತದೆ, ಅದನ್ನು ಕೊನೆಯ ಸಮತಟ್ಟಿಗೆ ಮಾತ್ರ ಇಟ್ಟುಕೊಳ್ಳಬೇಕು. ಹಿಗ್ಗಿಹೋದ ಜಾಗವನ್ನು ನಾಣ್ಯದಗಲ ಕೆಂಪಗೆ ಕಾಯಿಸಿ ಒದ್ದೆ ಬಟ್ಟೆಯಿಂದ ತಣಿಸಿದರೆ ಕುಗ್ಗುತ್ತದೆ. ಅಲ್ಯೂಮಿನಿಯಂಗೆ ಇದನ್ನು ಕಣ್ಣಂದಾಜಿನಲ್ಲಿ ಮಾಡಬಾರದು: 660 ಡಿಗ್ರಿಗೆ ಕರಗುತ್ತದೆ, ಕೆಂಪಾಗಿ ಮುನ್ಸೂಚನೆ ಕೊಡುವುದಿಲ್ಲ. ಉಳಿದ ತಗ್ಗಿಗೆ ಪಾಲಿಯೆಸ್ಟರ್ ಪುಟ್ಟಿ, ತೂಕದ ಸುಮಾರು 2 ಶೇಕಡಾ ಹಾರ್ಡನರ್. ಪುಟ್ಟಿ 3 ಮಿ.ಮೀ. ದಾಟದಂತೆ ತಗಡನ್ನೇ ಎತ್ತಿಕೊಳ್ಳಬೇಕು, ದಪ್ಪ ಪುಟ್ಟಿ ಬಿರುಕು ಬಿಡುತ್ತದೆ.

ಕುದಿನೀರು ಸುರಿದರೆ ನೆಗ್ಗು ಹೋಗುತ್ತದೆ ಎಂಬ ಮಾತು ಪ್ಲಾಸ್ಟಿಕ್ ಬಂಪರಿಗೆ ನಿಜ. ಅದು ಬಿಸಿಗೆ ಮೆತ್ತಗಾಗುತ್ತದೆ, ಹಿಂದಿನಿಂದ ತಳ್ಳಿ ತಣ್ಣೀರು ಹಾಕಿದರೆ ನಿಲ್ಲುತ್ತದೆ. ಉಕ್ಕಿನ ಬಾಗಿಲಿಗೆ ಕುದಿನೀರು ಏನೂ ಮಾಡುವುದಿಲ್ಲ. ಒಡೆಯದೆ ನೆಗ್ಗಿದ ಟೇಬಲ್ ಟೆನಿಸ್ ಚೆಂಡು ಬಿಸಿನೀರಿನಲ್ಲಿ ಎದ್ದುಕೊಳ್ಳುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ, ಮೈ ಮೆತ್ತಗಾಗುತ್ತದೆ.

ಈಗ ಡಬ್ಬಿಗೆ ಬನ್ನಿ. ಒಮ್ಮೆ ನೆಗ್ಗಿದ ಗೆರೆಯನ್ನು ಎದುರು ದಿಕ್ಕಿಗೆ ಮಡಚುವುದೆಂದರೆ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡುವ ಕೆಲಸದ ಮೊದಲ ಹೆಜ್ಜೆ. 0.2 ಮಿ.ಮೀ. ತಗಡಿಗೆ ಅಷ್ಟೇ ಸಾಕು ಸೂಜಿಮೊನೆಯ ತೂತಾಗಲು, ಲೇಪ ಮೊದಲೇ ಹೋಗಿರುತ್ತದೆ. ಮುಖ್ಯವಾಗಿ, ಎತ್ತಿದ ಮೇಲೆ ನೆಗ್ಗು ಕಾಣುವುದಿಲ್ಲ, ಹಾನಿ ಉಳಿದಿರುತ್ತದೆ. ತಪಾಸಣೆಯ ಗುರುತನ್ನೇ ಅಳಿಸಿದ ಹಾಗೆ.

ಹಿತ್ತಾಳೆಯಲ್ಲಿ ಇದು ಇನ್ನೂ ಸ್ಪಷ್ಟ. ಬಿಂದಿಗೆಯ ನೆಗ್ಗು ಎತ್ತುವ ಕಂಚುಗಾರರು ಮೊದಲು ಕುಲುಮೆಯಲ್ಲಿ ಮಂದ ಕೆಂಪಿಗೆ ಕಾಯಿಸಿ ಆರಲು ಬಿಟ್ಟು ಆಮೇಲೆ ಮರದ ಕೊಡತಿ ಹಿಡಿಯುವುದು ಲೋಹದ ಬಿಗಿ ಇಳಿಸಲಿಕ್ಕೆ. ಬಿಗಿ ಉಳಿದ ಹಿತ್ತಾಳೆ ಅಮೋನಿಯ ತಾಗಿದರೆ ಯಾರೂ ಮುಟ್ಟದೆ ಬಿರಿಯುತ್ತದೆ. ಬ್ರಿಟಿಷರ ಕಾಲದ ಭಾರತದಲ್ಲಿ ಕುದುರೆಲಾಯಗಳಲ್ಲಿಟ್ಟ ತೋಟಾಗಳ ಹಿತ್ತಾಳೆ ಕವಚ ಮಳೆಗಾಲದಲ್ಲಿ ಸೀಳುತ್ತಿದ್ದದ್ದು ಇದರಿಂದಲೇ. ಕುದುರೆ ಮೂತ್ರದ ಅಮೋನಿಯ ಮತ್ತು ಒಳಬಿಗಿ ಸೇರಿ ಹೀಗಾಗುತ್ತದೆಂದು 1921ರಲ್ಲಿ ಬಿಡಿಸಿ ತೋರಿಸಿದರು.

ಕುಕ್ಕರ್ ಬಗ್ಗೆ ಯಾರಾದರೂ ಕೇಳುವ ಮೊದಲೇ: ಬಾಯಂಚು ನೆಗ್ಗಿದ್ದರೆ ಬಡಿದು ಸರಿಮಾಡಬೇಡಿ. ಗ್ಯಾಸ್ಕೆಟ್ ಕೂರುವ ಜಾಗ ಮತ್ತೆ ಸಮವಾಗುವುದಿಲ್ಲ.

ಪದತಕ್ಕಡಿ:

ಎಲ್ಲರಿಗೂ ನಮಸ್ಕಾರ, ಬಹಳ ಉಪಕಾರವಾಯಿತು. ಕರಡು ಹೀಗಿದೆ, ತಿದ್ದಿ:

‘ಅಂಚಿನ ಮೇಲೆ ಅಥವಾ ಬೆಸುಗೆಯ ಮೇಲೆ ನೆಗ್ಗಿದ ಡಬ್ಬಿ: ತೆಗೆದಿಡಿ. ಮೈಮೇಲೆ ಬೆರಳು ಮಲಗುವಷ್ಟು ಆಳ ನೆಗ್ಗಿದ್ದರೆ ಅಥವಾ ಚೂಪು ಗೆರೆ ಇದ್ದರೆ: ತೆಗೆದಿಡಿ. ಉಬ್ಬಿದ ಡಬ್ಬಿ: ಕುಲುಕದೆ ತೆಗೆದಿಡಿ. ನೆಗ್ಗನ್ನು ಒತ್ತಿ ಸರಿಪಡಿಸಬೇಡಿ.’

ಜರ್ಮನ್ ಸೂಚನೆಯ ಎರಡನೇ ‘ಬೊಯ್ಲ’ದ ಪಕ್ಕದಲ್ಲಿ ಅನಿಲ ಎಂಬ ಪದವೇ ಇದೆ. ತಯಾರಕರಿಗೆ ಬರೆದಿದ್ದೇನೆ.

ಡಬಲ್‌ಸೀಮ್:

ಮೂರನೆಯ ಸಾಲಿಗೆ ‘ಒಂದು ಬದಿ ಮಾತ್ರ ಉಬ್ಬಿದ್ದರೂ’ ಎಂದು ಸೇರಿಸಿ, ಇಲ್ಲದಿದ್ದರೆ ಸ್ಪ್ರಿಂಗರ್ ಕೈತಪ್ಪುತ್ತದೆ. ‘ಮುಚ್ಚಳ ಸ್ವಲ್ಪ ಒಳಬಾಗಿರುವುದು ಸರಿ’ ಎಂಬುದು ಪಟ್ಟಿಯ ಮೊದಲ ಸಾಲಾಗಲಿ. ಸೋರಿದ ಗುರುತು, ತುಕ್ಕು ಇವೆರಡಕ್ಕೂ ಜಾಗ ಬಿಡಿ.

ನುಡಿಬೇರು:

ಕೊನೆಯ ಸಾಲಿನಲ್ಲಿ ‘ಒತ್ತಿ’ ಬೇಡ. ಒತ್ತುವುದು ಹೊರಗಿನಿಂದ ಒಳಕ್ಕೆ. ಮುಚ್ಚಿದ ಡಬ್ಬಿಯ ನೆಗ್ಗನ್ನು ಯಾರೂ ಒಳಗಿನಿಂದ ತಳ್ಳಲಾರರು. ಜನ ಮಾಡುವುದು ಅಕ್ಕಪಕ್ಕ ಅದುಮಿ ಅದು ಪಟ್ಟನೆ ಹೊರಕ್ಕೆ ಬರುವಂತೆ ಮಾಡುವುದು, ಇಲ್ಲವೇ ಮೇಜಿಗೆ ಬಡಿಯುವುದು. ಆದ್ದರಿಂದ: ‘ನೆಗ್ಗು ಎತ್ತಲು ಡಬ್ಬಿಯನ್ನು ಅದುಮಬೇಡಿ, ಬಡಿಯಬೇಡಿ.’